ಏಳು ಜರ್ಸಿ, ಹತ್ತು ಮೈ

ನನಗೆ ಸುಸ್ತೇ ಆಗುವುದಿಲ್ಲ ಎಂದು ನಮ್ಮ ಫುಟ್‌ಬಾಲ್ ಟೀಮಿನವರೆಲ್ಲ ಹೇಳುತ್ತಿದ್ದರು. ಎರಡು ವರ್ಷ ನಾನೂ ಅದನ್ನು ನಂಬಿದ್ದೆ. ಹೊಗಳಿಕೆಗೆ ಸುಲಭವಾಗಿ ಬೀಳುವ ಆಸಾಮಿ ನಾನಲ್ಲ. ಆದರೆ ಇಪ್ಪತ್ತರ ವಯಸ್ಸಿನಲ್ಲಿ, ಕಾಲಿಗೆ ಚೆಂಡು ಸಿಕ್ಕ ಕೂಡಲೇ ನಾಲ್ಕು ಜನ ಎದ್ದು ನಿಂತು ಕೂಗುವುದನ್ನು ಕೇಳಿದ ಮೇಲೆ, ಯಾರು ಏನು ಹೇಳಿದರೂ ಕಿವಿಗೆ ಸಿಹಿಯಾಗಿಯೇ ಇರುತ್ತದೆ.

ಆಗ ನಾನು ತಿಪಟೂರಿನ ಕಾಲೇಜಿನಲ್ಲಿ ಡಿಗ್ರಿ ಓದುತ್ತಿದ್ದೆ. ನಮ್ಮೂರಿನ ಹೆಸರು ಇಲ್ಲಿ ಬೇಡ, ಈ ಸೀಮೆಯ ಎಷ್ಟೋ ಊರುಗಳಿಗೆ ಈ ಕತೆ ಒಪ್ಪುತ್ತದೆ. ಊರೊಳಗೆ ತೋಟದವರ ಮನೆಗಳು. ಊರು ಮುಗಿದು, ಒಂದು ಹೊಲ ದಾಟಿದರೆ ನಮ್ಮ ಕಾಲೋನಿ. ಅಪ್ಪ ಅವ್ವ ಇಬ್ಬರೂ ಕೊಬ್ಬರಿ ಸುಲಿಯುವವರು. ತೋಟದವರು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಟ್ಟ ಕಾಯನ್ನು ಇಳಿಸಿ, ಮಟ್ಟೆ ಸುಲಿದು, ಚಿಪ್ಪು ಒಡೆದು, ಒಳಗಿನ ಉಂಡೆ ಕೊಬ್ಬರಿಗೆ ಏಟು ಬೀಳದ ಹಾಗೆ ತೆಗೆದುಕೊಡುವ ಕೆಲಸ. ನಮ್ಮ ಕಾಲೋನಿಯ ಕೈ ಮುಟ್ಟದ ಒಂದು ಕೊಬ್ಬರಿಯೂ ಆ ಊರಿನಿಂದ ತಿಪಟೂರಿನ ಮಾರ್ಕೆಟ್ಟಿಗೆ ಹೋಗಿರಲಿಕ್ಕಿಲ್ಲ. ಆ ಕೊಬ್ಬರಿ ಮದುವೆಗೂ ಹೋಗುತ್ತದೆ, ದೇವರ ಮುಂದಿನ ತಟ್ಟೆಗೂ ಹೋಗುತ್ತದೆ. ಅದರ ಬಗ್ಗೆ ಇವತ್ತಿನವರೆಗೆ ಯಾರೂ ತಕರಾರು ತೆಗೆದಿದ್ದಿಲ್ಲ.

ಫುಟ್‌ಬಾಲನ್ನು ನಮ್ಮೂರಿಗೆ ತಂದವನು ನನ್ನ ಕ್ಲಾಸಿನವನೇ, ತೋಟದವರ ಮನೆಯ ಹುಡುಗ. ಹಾಸ್ಟೆಲ್ಲಿನಲ್ಲಿದ್ದಾಗ ಆಟ ಕಲಿತು ಬಂದಿದ್ದ. ಟೀಮು ಕಟ್ಟಿದ, ಅವನೇ ಕ್ಯಾಪ್ಟನ್ ಆದ. ನುಸಿ ರೋಗ ಬಿದ್ದು ಹಾಳಾದ ತೋಟವೊಂದರಲ್ಲಿ ಮರ ಕಡಿಸಿದ್ದ ಜಾಗ ನಮ್ಮ ಗ್ರೌಂಡು. ಹನ್ನೊಂದು ಜನರ ಆಟಕ್ಕೆ ಅದು ಸಾಲದು, ಹಾಗಾಗಿ ಏಳು ಜನರ ಆಟ. ನಮ್ಮ ಕಡೆಯ ಟೂರ್ನಮೆಂಟುಗಳೂ ಹೆಚ್ಚಾಗಿ ಏಳು ಜನರವೇ. ಟೀಮಿನಲ್ಲಿ ನಾವು ಹತ್ತು ಮಂದಿ. ಒಂಬತ್ತು ಜನ ಊರೊಳಗಿನವರು, ಕಾಲೋನಿಯಿಂದ ನಾನೊಬ್ಬ.

ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರು ಏಳು ಹಳದಿ ಜರ್ಸಿ ಹೊಲಿಸಿಕೊಟ್ಟಿದ್ದರು. ಬೆನ್ನ ಮೇಲೆ ನಂಬರಿಗಿಂತ ದಪ್ಪ ಅಕ್ಷರದಲ್ಲಿ ಅವರ ಮಂಡಿಯ ಹೆಸರು. ಹತ್ತು ಜನಕ್ಕೆ ಏಳು ಜರ್ಸಿ ಹೇಗೆ ಸಾಕು ಎಂದರೆ, ಅದಕ್ಕೊಂದು ಪದ್ಧತಿ. ಸುಸ್ತಾದವನು ಕೈ ಎತ್ತಿ ಗೆರೆಯ ಹತ್ತಿರ ಬರುತ್ತಾನೆ, ಜರ್ಸಿ ಬಿಚ್ಚುತ್ತಾನೆ. ಹೊರಗೆ ಕೂತವನು ಅದನ್ನೇ ತೊಟ್ಟು ಒಳಗೆ ಓಡುತ್ತಾನೆ. ಇದಕ್ಕೆ ನಾವು ಸಬ್ ಎನ್ನುತ್ತಿದ್ದೆವು. ಒಂದು ಆಟದಲ್ಲಿ ಒಂದೇ ಜರ್ಸಿ ಮೂರು ಮೈ ಸುತ್ತಿ ಬರುವುದೂ ಇತ್ತು. ಆಟ ಮುಗಿದ ಮೇಲೆ ಜರ್ಸಿಗಳನ್ನು ಗಂಟು ಕಟ್ಟಿ ವಾರಕ್ಕೊಬ್ಬರ ಮನೆಗೆ ಒಗೆಯಲು ಕಳಿಸುತ್ತಿದ್ದರು.

ನನ್ನ ಜರ್ಸಿ ಮಾತ್ರ ಆ ಗಂಟಿಗೆ ಸೇರುತ್ತಿರಲಿಲ್ಲ. ಮೊದಲ ಆಟದ ದಿನವೇ ಕ್ಯಾಪ್ಟನ್ ನನ್ನ ಹೆಗಲ ಮೇಲೆ ಕೈ ಹಾಕಿ, ಇದು ನಿನ್ನದೇ, ಮನೆಯಲ್ಲೇ ಇಟ್ಟುಕೋ ಎಂದಿದ್ದ. ಊರೊಳಗಿನ ಒಂಬತ್ತು ಜನಕ್ಕೆ ಆರು ಜರ್ಸಿ, ನನಗೊಬ್ಬನಿಗೇ ಒಂದು. ನಾನು ಉಬ್ಬಿಹೋದೆ. ಮನೆಗೆ ಬಂದು ಅವ್ವನಿಗೆ ತೋರಿಸಿದೆ. ಅವಳು ಜರ್ಸಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಉಳಿದವೆಲ್ಲ ಯಾರ ಮನೆಗೆ ಹೋದವು ಎಂದು ಕೇಳಿದಳು. ಹೇಳಿದೆ. ಬಕೆಟ್ಟಿಗೆ ನೀರು ತುಂಬಿಸಿದಳು. ಅಂದಿನಿಂದ ಪ್ರತಿ ಭಾನುವಾರ ಸಂಜೆ ಅದನ್ನು ಒಗೆದು, ಎರಡು ತೆಂಗಿನ ಮರದ ನಡುವೆ ಕಟ್ಟಿದ ಹಗ್ಗದ ಮೇಲೆ ಒಣಗಿಸುತ್ತಿದ್ದಳು.

ಆಟದ ಮಧ್ಯೆ ನನ್ನನ್ನು ಒಮ್ಮೆಯೂ ಹೊರಗೆ ಕರೆಯುತ್ತಿರಲಿಲ್ಲ. ಕ್ಯಾಪ್ಟನ್ ತಾನೇ ಸಬ್ ಆಗಿ ಹೊರಗೆ ಕೂತು ನೀರು ಕುಡಿಯುತ್ತಿದ್ದ, ನಾನು ಓಡುತ್ತಿದ್ದೆ. ಗೋಲ್ ಕೀಪರ್ ಕೂಡ ಸಬ್ ಆಗುತ್ತಿದ್ದ. ಶುರುವಿನಿಂದ ಕೊನೆಯ ಸೀಟಿಯವರೆಗೆ ಗ್ರೌಂಡಿನಲ್ಲಿರುತ್ತಿದ್ದವನು ನಾನೊಬ್ಬನೇ. ಬಿಸಿಲಿಗೆ ನಾಲಿಗೆ ಒಣಗಿ ಅಂಟಿಕೊಳ್ಳುತ್ತಿತ್ತು. ಆದರೂ ಕೈ ಎತ್ತಲು ಮನಸ್ಸು ಬರುತ್ತಿರಲಿಲ್ಲ. ಸುಸ್ತೇ ಆಗದವನು ಎಂದು ಹೆಸರು ತೆಗೆದುಕೊಂಡವನು ಸುಸ್ತಾಯಿತು ಎನ್ನುವುದು ಹೇಗೆ? ನನ್ನ ದಮ್ಮಿಗೆ ಕೊಬ್ಬರಿ ಬೆಲ್ಲ ತಿಂದದ್ದೇ ಕಾರಣ ಎಂದು ಯಾರೋ ತಮಾಷೆ ಮಾಡಿದರೆ ನಾನೂ ನಗುತ್ತಿದ್ದೆ.

ಹೀಗೆ ಎರಡು ವರ್ಷ ಕಳೆದ ಮೇಲೆ ತಿಪಟೂರಿನಲ್ಲಿ ಒಂದು ಟೂರ್ನಮೆಂಟು. ನಮ್ಮ ಟೀಮು ಹೇಗೋ ಸೆಮಿಫೈನಲ್ ಮುಟ್ಟಿತು. ಅದರ ಹಿಂದಿನ ವಾರ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ವಿಡಿಯೋ ಓಡಾಡಿತ್ತು. ಯಾವುದೋ ದೂರದೇಶದ ಸ್ಟೇಡಿಯಂ. ಕರಿಯ ಆಟಗಾರನೊಬ್ಬ ಕಾರ್ನರ್ ಹೊಡೆಯಲು ಹೋದರೆ ಜನ ಕೋತಿಯ ಹಾಗೆ ಸದ್ದು ಮಾಡುತ್ತಿದ್ದಾರೆ. ನಮ್ಮವರಿಗೆಲ್ಲ ಮೈ ಉರಿದುಹೋಯಿತು. ಥೂ ಎಂದವರೆಷ್ಟು, ಕಪ್ಪು ಮುಷ್ಟಿಯ ಚಿತ್ರ ಹಾಕಿದವರೆಷ್ಟು. ಚರ್ಮ ನೋಡಿ ಮನುಷ್ಯನನ್ನು ಅಳೆಯುವವರು ಆಟ ನೋಡಲು ಲಾಯಕ್ಕಲ್ಲ ಎಂದು ಕ್ಯಾಪ್ಟನ್ ದೊಡ್ಡದಾಗಿ ಬರೆದ. ಸೆಮಿಫೈನಲ್ ದಿನ ಸೀಟಿ ಊದುವ ಮೊದಲು, ದೊಡ್ಡ ಆಟಗಾರರು ಟಿವಿಯಲ್ಲಿ ಮಾಡುವಂತೆ, ನಾವೂ ಒಂದು ಮಂಡಿ ಊರಿ ತಲೆ ತಗ್ಗಿಸಿದೆವು. ತಿಪಟೂರಿನ ಜನಕ್ಕೆ ಅದು ಏನೆಂದೇ ತಿಳಿಯಲಿಲ್ಲ. ದೇವರಿಗೆ ಕೈಮುಗಿಯುತ್ತಿದ್ದಾರೆ ಎಂದುಕೊಂಡು ಕೆಲವರು ತಾವೂ ಕೈಮುಗಿದರು. ನಾನೂ ಮಂಡಿ ಊರಿದ್ದೆ. ಫೋಟೊದಲ್ಲಿ ಎಲ್ಲರಿಗಿಂತ ಮುಂದೆ ನನ್ನನ್ನೇ ಕೂರಿಸಿದ್ದರು.

ಅರ್ಧ ಆಟ ಮುಗಿಯುವ ಹೊತ್ತಿಗೆ ನನ್ನ ಕಾಲು ಹೊರಳಿತು. ಎದುರಿನವನ ತಪ್ಪೇನೂ ಇರಲಿಲ್ಲ, ಗುಂಡಿಯಲ್ಲಿ ಪಾದ ಸಿಕ್ಕಿತು. ನೆಲಕ್ಕೆ ಹೆಜ್ಜೆ ಊರಿದರೆ ಜೀವ ಹೋದಂತೆ ನೋವು. ಮೊದಲ ಸಲ ಕೈ ಎತ್ತಿದೆ. ಕ್ಯಾಪ್ಟನ್ ನೋಡಿದ. ನೋಡಿ, ಗೆರೆಯಾಚೆ ಕೂತಿದ್ದ ಮೂವರ ಕಡೆ ತಿರುಗಿದ. ಒಬ್ಬ ಶೂ ಲೇಸು ಬಿಗಿಯತೊಡಗಿದ, ಇನ್ನೊಬ್ಬ ಫೋನು ತೆಗೆದ, ಮೂರನೆಯವನು ಎದ್ದು ಬಾಟಲಿಗೆ ನೀರು ತುಂಬಿಸಲು ಹೋದ. ಇನ್ನೊಂದು ಸ್ವಲ್ಪ ಹೊತ್ತು ತಡೆದುಕೋ ಎಂದು ಕ್ಯಾಪ್ಟನ್ ನನಗೇ ಸನ್ನೆ ಮಾಡಿದ.

ಬಿಡುವಿನಲ್ಲಿ ಕುಂಟುತ್ತಾ ಗೆರೆಯ ಹತ್ತಿರ ಹೋದೆ. ಜರ್ಸಿ ಬಿಚ್ಚಿ, ಶೂ ಲೇಸು ಬಿಗಿಯುತ್ತಿದ್ದವನ ಮುಂದೆ ಹಿಡಿದೆ. ತನಗೆ ಹೊಟ್ಟೆನೋವು ಎಂದ. ಪಕ್ಕದವನಿಗೆ ಹಿಡಿದೆ. ಅವನು ಕ್ಯಾಪ್ಟನ್ ಮುಖ ನೋಡಿದ. ನೀರು ತರಲು ಹೋದವನು ಇನ್ನೂ ಬಂದೇ ಇರಲಿಲ್ಲ. ತನ್ನ ಮೈಮೇಲಿನ ಬಿಳಿ ಬನಿಯನ್ನಿನಲ್ಲೇ ಆಡುತ್ತೇನೆ ಎಂದು ಎರಡನೆಯವನು ಹೇಳಿದ. ಬಣ್ಣ ಬೇರೆ ಆದರೆ ಬಿಡುವುದಿಲ್ಲ ಎಂದು ರೆಫರಿ ತಲೆ ಅಲ್ಲಾಡಿಸಿದರು. ಆಗ ಅವನು ತಗ್ಗಿದ ದನಿಯಲ್ಲಿ ಕ್ಯಾಪ್ಟನ್‌ಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ಬ್ಯಾರೆ ಯಾರ್ದಾದ್ರೂ ಕೊಡ್ಸ್ಲಾ, ಹಾಕ್ಕತೀನಿ. ಅದು ಬ್ಯಾಡ."

ಕ್ಯಾಪ್ಟನ್ ತನ್ನ ಜರ್ಸಿಯನ್ನು ಬಿಚ್ಚಿದ. ಬೆವರಿಗೆ ಒದ್ದೆಯಾಗಿ ಕೊಳೆಯಾಗಿದ್ದ ಅದನ್ನು ಆ ಎರಡನೆಯವನು ಹಾಗೇ ತೊಟ್ಟುಕೊಂಡ. ಹೊಟ್ಟೆನೋವು, ಶೂ ಲೇಸು, ನೀರಿನ ಬಾಟಲಿ, ಎರಡು ವರ್ಷದ ನನ್ನ ದಮ್ಮು, ಎಲ್ಲವೂ ಒಟ್ಟಿಗೆ ಅರ್ಥವಾಯಿತು. ನಾನು ದಣಿಯದವನಾಗಿರಲಿಲ್ಲ. ನನ್ನ ಬೆವರು ಹತ್ತಿದ ಬಟ್ಟೆಯನ್ನು ತೊಡಲು ಅಲ್ಲಿ ಯಾರೂ ತಯಾರಿರಲಿಲ್ಲ, ಅಷ್ಟೆ. ಮಂಡಿ ಊರಿದಾಗ ಪ್ಯಾಂಟಿಗೆ ಹತ್ತಿದ್ದ ಮಣ್ಣು ಇನ್ನೂ ಅವರ ಮೊಣಕಾಲಿನ ಮೇಲಿತ್ತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ಸುಮ್ಮನೆ ಹೇಳುತ್ತಾರೆಯೇ?

ಹೊರಗೆ ಕೂತದ್ದು ಕ್ಯಾಪ್ಟನ್, ನಾನು ನನ್ನ ಜರ್ಸಿಯನ್ನೇ ಮತ್ತೆ ತೊಟ್ಟು ಉಳಿದ ಅರ್ಧ ಆಟವನ್ನು ಒಂದೇ ಕಾಲಲ್ಲಿ ಆಡಿದೆ. ಯಾಕೆ ಆಡಿದೆ ಎಂದು ಕೇಳಿದರೆ, ಸಿಟ್ಟಿಗೆ. ಗೆದ್ದೆವು. ಹೊರಡುವಾಗ ಕ್ಯಾಪ್ಟನ್ ಬೈಕಿನ ಹತ್ತಿರ ನನ್ನನ್ನು ತಡೆದು ನಿಲ್ಲಿಸಿದ.

"ನಮ್ಗೇನಿಲ್ಲ ಕಣ್ಲಾ. ಮನೇಲಿ ಗೊತ್ತಾದ್ರೆ ರಂಪ ಮಾಡ್ತಾರೆ. ನಿನ್ ಮನ್ಸಿಗೆ ಬೇಜಾರಾಗ್ಬಾರ್ದು ಅಂತ್ಲೇ ನಿನ್ನ ಈಚೆಗೆ ಕರೀತಿರ್ಲಿಲ್ಲ."

ಇದನ್ನು ಅವನು ನಿಜವಾಗಿಯೂ ಒಳ್ಳೆಯ ಮನಸ್ಸಿನಿಂದ ಹೇಳಿದ. ನನ್ನ ಜೊತೆ ಒಂದೇ ಹೋಟೆಲಿನಲ್ಲಿ ಇಡ್ಲಿ ತಿಂದವನು, ಎಷ್ಟೋ ಸಲ ಬೈಕಿನಲ್ಲಿ ಕೂರಿಸಿಕೊಂಡು ಊರಿಗೆ ಕರೆತಂದವನು. ಅದಕ್ಕೇ ನನಗೆ ಹೆಚ್ಚು ಕೋಪ ಬಂದದ್ದು. ಆ ವಿಡಿಯೋದ ಜನ ತಮ್ಮ ವಿಷವನ್ನು ಎಲ್ಲರೆದುರು ಕೂಗಿ ಕಕ್ಕಿದರು. ನಮ್ಮವರು ಅದನ್ನು ಚಪ್ಪಾಳೆ ತಟ್ಟಿ ಕುಡಿಸಿದರು, ನಾನು ರುಚಿಯಾಗಿದೆ ಎಂದು ಎರಡು ವರ್ಷ ಕುಡಿದೆ. ಅವನ ಬೈಕು ಹತ್ತದೆ ಬಸ್ ಸ್ಟ್ಯಾಂಡಿಗೆ ಕುಂಟಿಕೊಂಡು ಹೋದೆ.

ಅವ್ವ ಕಾಲಿಗೆ ಬಿಸಿ ಉಪ್ಪಿನ ಶಾಖ ಕೊಡುತ್ತಿದ್ದಾಗ ನಡೆದದ್ದನ್ನು ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಏಳ್ರಲ್ಲಿ ಒಂದೇ ಅಂಗಿ ಮನೆಗ್ ಬಂತಲ್ಲ, ಅವತ್ತೇ ತಿಳೀತು ಕಣಪ್ಪ. ನೀನು ಕುಸಿಯಾಗಿದ್ದೆ, ಅದ್ಕೆ ಬುಟ್ಟೆ."

ಎರಡು ವರ್ಷ ಅವಳು ತಿಳಿದೂ ತಿಳಿದೂ ಆ ಬಟ್ಟೆ ಒಗೆದಿದ್ದಳು. ಅದಕ್ಕೆ ಅತ್ತದ್ದು ನಾನು, ಅವಳಲ್ಲ. ಇನ್ನು ಆಡಲು ಹೋಗಬೇಡ ಎಂದು ಅಪ್ಪ ಗೊಣಗಿದರು. ಅವ್ವ ಮಾತ್ರ ಹಾಗೆನ್ನಲಿಲ್ಲ. ಹೋಗುವುದಾದರೆ ಸುಮ್ಮನೆ ಹೋಗಿ ಬರಬೇಡ ಎಂದಳು.

ಫೈನಲ್ ಎರಡು ವಾರ ಬಿಟ್ಟು ಇತ್ತು. ಅಷ್ಟರಲ್ಲಿ ಕಾಲು ಸರಿಯಾಯಿತು. ಕ್ಯಾಪ್ಟನ್ ಒಂದು ಸಂಜೆ ಕಾಲೋನಿಗೆ ಬಂದ. ಬೈಕಿನಿಂದ ಇಳಿಯದೆಯೇ, ಎಂಟನೆಯದೊಂದು ಜರ್ಸಿ ಹೊಲಿಸುವುದಾಗಿ ಹೇಳಿದ. ಇನ್ನು ಮೇಲೆ ಸುಸ್ತಾದರೆ ನಾನು ನನ್ನ ಜರ್ಸಿಯಲ್ಲೇ ಹೊರಗೆ ಬಂದು ಕೂರಬಹುದಂತೆ, ಉಳಿದ ಏಳು ಅವರೊಳಗೇ ಸುತ್ತುತ್ತವಂತೆ. ಸಮಸ್ಯೆ ಬಗೆಹರಿಯಿತು ಎನ್ನುವ ಮುಖ ಅವನದು. ಎಂಟನೆಯದು ಬೇಡ, ಆಡಲು ಬರುತ್ತೇನೆ ಎಂದೆ. ಅವನು ನೆಮ್ಮದಿಯಾಗಿ ಹೋದ.

ಫೈನಲ್ ದಿನ ಗ್ರೌಂಡಿನ ಸುತ್ತ ಜನವೋ ಜನ. ಜರ್ಸಿ ಕೊಟ್ಟ ಸಾಹುಕಾರರು ಮುಂದಿನ ಕುರ್ಚಿಯಲ್ಲಿದ್ದರು. ಅವತ್ತು ನಾನು ಮಂಡಿ ಊರಲಿಲ್ಲ, ನಿಂತೇ ಇದ್ದೆ. ಚೆನ್ನಾಗಿ ಆಡಿದೆ. ಒಂದು ಗೋಲು ನನ್ನದೇ, ನಾವು ಒಂದು ಗೋಲಿನಿಂದ ಮುಂದಿದ್ದೆವು. ಎರಡನೆಯ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ನಾನು ಕೈ ಎತ್ತಿದೆ. ಕಾಲಿಗೆ ಏನೂ ಆಗಿರಲಿಲ್ಲ. ಗೆರೆಯ ಹತ್ತಿರ ನಡೆದು ಹೋಗಿ, ಜರ್ಸಿ ಬಿಚ್ಚಿ, ಬರಿ ಮೈಯಲ್ಲಿ ನಿಂತು, ಹೊರಗೆ ಕೂತ ಮೂವರ ಕಡೆ ಅದನ್ನು ಚಾಚಿ ಹಿಡಿದೆ.

ಏನಾಯಿತು ಎಂದು ರೆಫರಿ ಓಡಿ ಬಂದರು.

"ಸುಸ್ತಾಗೈತೆ ಸಾರ್. ಸಬ್ ಬೇಕು," ಎಂದೆ.

ಆ ಮಾತನ್ನು ಎಷ್ಟು ಗಟ್ಟಿಯಾಗಿ ಹೇಳಿದೆನೆಂದರೆ ಸಾಹುಕಾರರ ಕುರ್ಚಿಯವರೆಗೂ ಕೇಳಿಸಿತು. ಯಾರು ಒಳಗೆ ಬರುತ್ತೀರಿ ಎಂದು ರೆಫರಿ ಆ ಮೂವರನ್ನು ಕೇಳಿದರು. ಯಾರೂ ಏಳಲಿಲ್ಲ. ಮತ್ತೆ ಕೇಳಿದರು. ಕೊನೆಗೆ ಆರೇ ಜನ ಆಡಿ ಎಂದು ಸೀಟಿ ಊದಿದರು. ಕ್ಯಾಪ್ಟನ್ ಅಲ್ಲಿಂದಲೇ ನನ್ನನ್ನು ಒಳಗೆ ಕರೆದ, ಬೈದ, ಆಮೇಲೆ ಅಂಗಲಾಚಿದ. ನಾನು ಅಲ್ಲಾಡಲಿಲ್ಲ. ಕೈ ಸೋತಿತು, ಆದರೂ ಇಳಿಸಲಿಲ್ಲ. ಜನಕ್ಕೆ ಮೊದಲು ಏನೂ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರಿಗೇ ತಿಳಿಯುತ್ತಾ ಹೋದದ್ದು ಅವರ ಮುಖದಲ್ಲೇ ಕಾಣುತ್ತಿತ್ತು, ಯಾಕೆಂದರೆ ಇದು ನಮ್ಮ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾದ ವಿಷಯವಲ್ಲ. ಗಲಾಟೆ ನಿಂತು, ಗ್ರೌಂಡಿನ ಸುತ್ತ ಗುಸುಗುಸು ಮಾತ್ರ ಉಳಿಯಿತು. ಎದುರಿನ ಟೀಮು ಒಂದು ಗೋಲು ಹೊಡೆಯಿತು. ಇನ್ನೊಂದು ಹೊಡೆಯಿತು. ಕೊನೆಯ ಸೀಟಿಯವರೆಗೂ ಆ ಜರ್ಸಿ ನನ್ನ ಕೈಯಲ್ಲೇ ಇತ್ತು.

ನನ್ನಿಂದಲೇ ಸೋತದ್ದು ಎಂದು ಊರೆಲ್ಲ ಆಡಿಕೊಂಡಿತು. ಸುಳ್ಳು. ಹೊರಗೆ ಮೂವರು ಗಟ್ಟಿಮುಟ್ಟಾದವರು ಕೂತಿದ್ದರು, ಒಬ್ಬ ಎದ್ದು ಒಂದು ಬಟ್ಟೆ ತೊಟ್ಟಿದ್ದರೆ ಗೆದ್ದವರ ಕಪ್ ನಮ್ಮೂರಿಗೆ ಬರುತ್ತಿತ್ತು. ಕಪ್‌ಗಿಂತ ಮಡಿ ದೊಡ್ಡದು ಎಂದು ತೀರ್ಮಾನಿಸಿದವರು ಅವರು. ನನಗೆ ಅವತ್ತೂ ಪಶ್ಚಾತ್ತಾಪ ಇರಲಿಲ್ಲ, ಇವತ್ತೂ ಇಲ್ಲ. ಜರ್ಸಿಯನ್ನು ಯಾರೂ ವಾಪಸು ಕೇಳಲಿಲ್ಲ, ಕೇಳಿ ತೆಗೆದುಕೊಂಡು ಮಾಡುವುದಾದರೂ ಏನು? ಅವ್ವ ಅದನ್ನು ನಾಲ್ಕು ತುಂಡು ಮಾಡಿ ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆ ಮಾಡಿಕೊಂಡಳು. ಸಾಹುಕಾರರ ಮಂಡಿಯ ಹೆಸರು ಹಿಡಿದು ನಮ್ಮ ಮನೆಯಲ್ಲಿ ಎಷ್ಟೋ ದಿನ ಮುದ್ದೆಯ ಪಾತ್ರೆ ಇಳಿಯಿತು.

ಈಗ ನಾನು ಖಾಸಗಿ ಶಾಲೆಯೊಂದರಲ್ಲಿ ಪಿ.ಟಿ. ಮೇಷ್ಟ್ರು. ಭಾನುವಾರದ ಹೊತ್ತು ಕಾಲೇಜು ಹುಡುಗರ ಒಂದು ಟೀಮು ನಡೆಸುತ್ತೇನೆ. ಕಾಲೋನಿಯವರಿದ್ದಾರೆ, ತೋಟದವರಿದ್ದಾರೆ, ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರ ಮಕ್ಕಳಿದ್ದಾರೆ. ಹತ್ತು ಜರ್ಸಿ ಹೊಲಿಸುವಷ್ಟು ನಮಗೆ ಶಕ್ತಿಯಿದೆ, ಆದರೆ ಬೇಕೆಂದೇ ಏಳೇ ಇಟ್ಟುಕೊಂಡಿದ್ದೇನೆ. ಕಾಯಿ ಹೊರುವ ಬಿದಿರಿನ ಮಂಕರಿಯೊಂದಿದೆ. ಆಟಕ್ಕೆ ಮೊದಲು ಏಳನ್ನೂ ಅದರೊಳಗೆ ಸುರಿಯುತ್ತೇವೆ. ಕೈ ಹಾಕಿದವನಿಗೆ ಯಾವುದು ಸಿಕ್ಕಿತೋ ಅದು ಅವನದು. ಪ್ರತಿಯೊಬ್ಬನೂ ಒಮ್ಮೆಯಾದರೂ ಸಬ್ ಆಗಲೇಬೇಕು. ಒಗೆಯುವ ಗಂಟು ಎಲ್ಲರ ಮನೆಗೂ ಹೋಗಲೇಬೇಕು. ನಮ್ಮ ಟೀಮಿನಲ್ಲಿ ಯಾರೂ ಮಂಡಿ ಊರುವುದಿಲ್ಲ. ಈ ಪದ್ಧತಿ ಇಷ್ಟವಿಲ್ಲದವರು ಕ್ರಿಕೆಟ್ ಆಡಿಕೊಳ್ಳಲಿ.

ಕಳೆದ ಬೇಸಿಗೆಯಲ್ಲಿ ತೋಟದವರ ಮನೆಯ ಹೊಸ ಹುಡುಗನೊಬ್ಬ ಟೀಮಿಗೆ ಸೇರಿದ. ಒಳ್ಳೆಯ ಎಡಗಾಲು. ಎರಡು ವಾರ ಕಳೆಯುವಷ್ಟರಲ್ಲಿ ಅವನ ತಂದೆ ಕಾರಿನಲ್ಲಿ ಬಂದರು. ಬಹಳ ಮರ್ಯಾದಸ್ಥರು, ಮೇಷ್ಟ್ರೇ ಮೇಷ್ಟ್ರೇ ಎಂದೇ ಮಾತಾಡಿದರು. ಹುಡುಗನ ಚರ್ಮಕ್ಕೆ ಅಲರ್ಜಿಯಂತೆ. ಬೇರೆಯವರ ಬಟ್ಟೆ ತೊಟ್ಟರೆ ಮೈಯೆಲ್ಲ ಗಂಧೆ ಏಳುತ್ತದಂತೆ. ಅವನಿಗೊಂದು ಜರ್ಸಿ ತಾವೇ ತಂದುಕೊಡುತ್ತಾರಂತೆ. ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳಿದೆ. ಅದೆಲ್ಲ ಯಾಕೆ, ನಿಮಗೇ ಗೊತ್ತಲ್ಲ ಎಂದು ನಕ್ಕರು. ನನಗೆ ಗೊತ್ತಿತ್ತು. ನಮ್ಮ ಕಾಲದಲ್ಲಿ ಅದರ ಹೆಸರು ಹೊಟ್ಟೆನೋವು.

"ತಂದ್ಕೊಡಿ ಕಣ್ರೀ. ಮಂಕರಿಗೆ ಹಾಕ್ತೀನಿ," ಎಂದೆ.

ಅವರು ಏನು ಅರ್ಥ ಮಾಡಿಕೊಂಡರೋ, ಮುಂದಿನ ಭಾನುವಾರ ನಿಜವಾಗಿಯೂ ನಮ್ಮದೇ ಬಣ್ಣದ ಹೊಸ ಜರ್ಸಿ ತಂದುಕೊಟ್ಟು, ಗ್ರೌಂಡಿನಾಚೆ ಕಾರಿಗೆ ಒರಗಿ ನಿಂತರು. ಹಳೆಯದೊಂದನ್ನು ತೆಗೆದಿಟ್ಟು ಹೊಸದನ್ನು ಮಂಕರಿಗೆ ಹಾಕಿದೆ. ಅದು ನಮ್ಮ ಕಾಲೋನಿಯವನೊಬ್ಬನ ಕೈಗೆ ಸಿಕ್ಕಿತು. ಅವನು ಅವತ್ತು ಕುದುರೆಯಂತೆ ಓಡಿದ. ಅವರ ಮಗ ಹೊರಗೆ ಕೂತಿದ್ದ, ಅವನ ಸರದಿ ಇನ್ನೂ ಬಂದಿರಲಿಲ್ಲ.

ಬಿಸಿಲು ಏರಿದ ಮೇಲೆ ನಮ್ಮವನು ಕೈ ಎತ್ತಿದ. ಗೆರೆಯ ಹತ್ತಿರ ಬಂದು ಜರ್ಸಿ ಬಿಚ್ಚಿ ಚಾಚಿದ. ನಾನು ಹೊಸ ಹುಡುಗನಿಗೆ ಎದ್ದೇಳು, ನಿನ್ನ ಸರದಿ ಎಂದೆ. ನನಗೆ ಹೆದರಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ಅದೇ ಚಾಚಿದ ಕೈ, ಅದೇ ಒದ್ದೆ ಬಟ್ಟೆ. ಹುಡುಗ ಜರ್ಸಿ ಇಸಿದುಕೊಂಡ. ಅಪ್ಪನ ಕಡೆ ಒಮ್ಮೆ ನೋಡಿದ. ಆಮೇಲೆ ಅದನ್ನು ಎರಡೂ ಕೈಯಿಂದ ಹಿಂಡಿದ. ಬೆವರು ತೊಟತೊಟನೆ ನೆಲಕ್ಕೆ ಬಿತ್ತು.

"ಏನ್ಲಾ ಇದು, ಕೆರೇಲಿ ಅದ್ದಿದ್ಯಾ?" ಎಂದವನೇ ತಲೆಯ ಮೇಲಿಂದ ಎಳೆದುಕೊಂಡು ಒಳಗೆ ಓಡಿದ.

ಗ್ರೌಂಡನ್ನು ಸುತ್ತು ಹಾಕಿ ಅವನ ತಂದೆ ನನ್ನ ಹತ್ತಿರ ಬಂದರು. ಮುಖ ಕೆಂಪಾಗಿತ್ತು, ಆದರೂ ದನಿ ಏರಿಸಲಿಲ್ಲ. ಮೇಷ್ಟ್ರೇ, ಹುಡುಗನನ್ನು ಈಚೆಗೆ ಕರೆಯಿರಿ ಎಂದರು. ಹೊರಗೆ ಬಂದಿದ್ದ ನಮ್ಮವನು ನನ್ನ ಪಕ್ಕದಲ್ಲೇ ಕಾಲು ಚಾಚಿ ಕೂತು, ಬಾಟಲಿ ಎತ್ತಿ ಗಟಗಟ ನೀರು ಕುಡಿಯುತ್ತಿದ್ದ. ನಾನು ಆ ಯಜಮಾನರ ಕಡೆ ತಿರುಗಲೂ ಇಲ್ಲ.

"ಕರೀತೀನಿ ಕಣ್ರೀ," ಎಂದೆ. "ಅವ್ನಿಗೂ ಸುಸ್ತಾಗ್ಲಿ."